ಒಂದು ಸರಪಳಿ, ಒಂದು ಬೆರಳು

ಸಂಕ್ರಾಂತಿ ಮುಗಿದ ವಾರ, ಅಮಾವಾಸ್ಯೆಯ ಹಿಂದುಮುಂದು.
ಡಂಬಳ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ
ನಾನು, ಫಕ್ಕೀರಪ್ಪ, ನಡುವೆ ಸರ್ವೇ ಸಾಮಾನಿನ ಚೀಲ.
ಹಗಲೆಲ್ಲ ಹದ್ದುಬಸ್ತು: ಆರು ಆಣೆ ಎರೆಗಾಗಿ
ಎರಡು ಮನೆತನ ಕಡಲೆ ತುಳಿದು ಜಗಳಾಡಿ,
ಬಾಂದಗಲ್ಲು ತಾನಾಗೇ ನಡೆದು ಬಂತೇನು ಎಂದು
ಒಬ್ಬರನ್ನೊಬ್ಬರು ಕೇಳಿ, ಕೊನೆಗೆ ನನ್ನ ನಕ್ಷೆಗೆ
ಸಹಿಯನ್ನೂ ಹೆಬ್ಬೆಟ್ಟನ್ನೂ ಕೊಡದೆ ಎದ್ದುಹೋಗಿದ್ದರು.

ಕಪ್ಪತಗುಡ್ಡದ ಬೆನ್ನ ಮೇಲೆ ಗಾಳಿಯಂತ್ರಗಳ ಕೆಂಪು ದೀಪ
ಒಮ್ಮೆಲೇ ಹತ್ತಿ ಒಮ್ಮೆಲೇ ಆರುತ್ತಿದ್ದವು.
ಅದಕ್ಕೂ ಮೇಲೆ, ಯಾರ ಹುಕುಮಿಗೂ ಕಾಯದ ಚಿಕ್ಕಿಗಳು.
"ಕೂರಿಗಿ ನೆತ್ತಿಗೆ ಬಂತು," ಎಂದ, ಸಾಲಾಗಿ ನಿಂತ ಮೂರನ್ನು ತೋರಿಸಿ.
"ಬಸ್ ಬರಲಿಲ್ಲ."

ಹೊತ್ತು ಹೋಗಲೆಂದು ಹೇಳಿದೆ:
ಹದಿನೈದು ಲಕ್ಷ ಕಿಲೋಮೀಟರಿನಾಚೆ ನಿಂತು
ಒಂದು ದುರ್ಬೀನು ಹತ್ತು ವರ್ಷ ಆಕಾಶದ ಮೋಜಣಿ ಮಾಡಿತು,
ಹತ್ತಿರ ಹತ್ತಿರ ಇನ್ನೂರು ಕೋಟಿ ಚಿಕ್ಕಿ.

ಮೂವತ್ತೊಂದು ವರ್ಷ ಸರಪಳಿ ಹಿಡಿದವನು. ಕೇಳಿದ್ದು ಇದು:
"ಬಾಜೂದವರಿಗೆ ನೋಟೀಸು ಕೊಟ್ಟಿದ್ರೇನು?
ಪಂಚರು ಯಾರು?
ಸರಪಳಿ ಎಲ್ಲಿ ಊರಿದ್ರು?"

ಹೆಬ್ಬೆರಳು ಚಾಚು ಎಂದೆ. ಒಂದು ಕಣ್ಣು ಮುಚ್ಚು. ಈಗ ಇನ್ನೊಂದು.
ದೂರದ ದೀಪದ ಮುಂದೆ ಬೆರಳು
ಈಚೆಯಿಂದ ಆಚೆಗೆ ಜಿಗಿಯಿತು.
ಈ ಎರಡು ಕಣ್ಣಿನ ನಡುವಿನ ಜಾಗವೇ ಸರಪಳಿ.
ಭೂಮಿಯ ಜೊತೆ ಅದೂ ಸೂರ್ಯನ ಸುತ್ತ ತಿರುಗುತ್ತದೆ;
ಎಳ್ಳಮಾವಾಸ್ಯೆಗೆ ಒಂದು ಕಣ್ಣು,
ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೊಂದು.
ಬಹಳ ಹೊತ್ತು ಒಂದೊಂದೇ ಕಣ್ಣು ಮಿಟುಕಿಸುತ್ತ ನಿಂತ.

"ಪೂರಾ ಆತೇನು ಮೋಜಣಿ?"
ಇಲ್ಲ. ನೂರಕ್ಕೆ ಒಂದು ಪಾಲು.
"ಹಂಗಾರ ಉಳಿದದ್ದು ಗಾಯರಾಣ ಅನ್ರಿ."

ಎಲ್ಲ ಚಿಕ್ಕಿಗಳೂ ಸರಿಯುತ್ತಿವೆ ಎಂದೆ.
ಇವತ್ತಿನ ಕೂರಿಗೆ ಕೋಟಿ ವರ್ಷಕ್ಕೆ ಕೂರಿಗೆಯಲ್ಲ.
ಹುಗಿದಲ್ಲೇ ನಿಂತ ಬಾಂದಗಲ್ಲು ಅಲ್ಲಿ ಒಂದೂ ಇಲ್ಲ.
ನಕ್ಕ. "ಮಧ್ಯಾನದ ಮಂದೀಗೆ ಇದನ್ನ ಹೇಳಬ್ಯಾಡ್ರಿ."

ಆಮೇಲೆ ನನಗೆ ಇಷ್ಟವಾದ ಸಂಗತಿ ಹೇಳಿದೆ, ಹೇಳಬಾರದಿತ್ತೇನೋ:
ಒಂದೊಂದು ಚಿಕ್ಕಿಯ ದೂರದ ಪಕ್ಕ ಇನ್ನೊಂದು ಅಂಕಿ ಇದೆ,
ನಮ್ಮ ಲೆಕ್ಕ ಇಷ್ಟು ತಪ್ಪಿರಬಹುದು ಎಂದು.
ಅದೂ ಕೋಟಿಗಟ್ಟಲೆ ಸಲ.

ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಆ ಕಾಲಂ ಇಲ್ಲ, ಉತಾರದಲ್ಲೂ ಇಲ್ಲ.

ಅವನು ಬೀಡಿ ತೆಗೆದ, ಹಚ್ಚಲಿಲ್ಲ.
"ಅಕ್ಕಾರ, ಮಷಿನು ಬರೂಕಿಂತ ಮೊದಲಿನ ಮಾತು.
ನಮ್ಮ ಸರಪಳಿ ಹಿಗ್ಗಿತ್ತು. ಮೂವತ್ತಮೂರು ಫೂಟಿಗೆ ಒಂದು ಬೆರಳು.
ಎಳದು ಎಳದು ಕಬ್ಬಿಣಾನೂ ಸಡ್ಲ ಆಕ್ಕೈತಿ.
ನನ್ನ ಕೈಗೆ ಗೊತ್ತಿತ್ತು. ಸಾಹೇಬರು ಕೇಳಲಿಲ್ಲ, ನಾ ಹೇಳಲಿಲ್ಲ.
ಮುಂಡರಗಿ ತಾಲೂಕಿನ್ಯಾಗ ನಾ ಅಳದ ಹೊಲ ಎಲ್ಲಾ
ಕಾಗದಕ್ಕಿಂತ ಒಂದೀಟು ದೊಡ್ಡವು."

ಹಾಗೆ ಬರೆಯದೇ ಉಳಿದ ನೆಲ ಎಷ್ಟಾದೀತು ಎಂದು
ಮನಸ್ಸಿನಲ್ಲೇ ಗುಂಟೆ ಕೂಡಿಸಲು ಹೋಗಿ ಕೈಬಿಟ್ಟೆ.
ಅಲ್ಲೂ ಈಗ ಬಿಳಿಜೋಳ ನಿಂತಿರಬೇಕು, ತೆನೆ ತುಂಬಿ,
ಯಾರ ಹೆಸರಿನಲ್ಲೂ ಇಲ್ಲದೆ.

"ಆ ದುರ್ಬೀನು ಈಗ ಏನ್ ಮಾಡಾಕತ್ತೈತಿ?"
ಇಂಧನ ತೀರಿತು. ದಾರಿಗೆ ಅಡ್ಡ ಬಾರದಂತೆ ದೂರ ದೂಡಿ
ಆರಿಸಿಬಿಟ್ಟರು. ಅದು ಬರೆದುಕೊಟ್ಟದ್ದನ್ನು
ಇನ್ನೂ ಲೆಕ್ಕ ಹಾಕುತ್ತಿದ್ದಾರೆ.
"ಪೆನ್ಶನ್ ಇಲ್ಲೇನು?"

ಗದಗಿನ ಬಸ್ಸು ಬಂತು. ಅದರ ಬೆಳಕಿಗೆ
ಕೂರಿಗೆ, ಗಾಯರಾಣ, ಇನ್ನೂರು ಕೋಟಿ ಎಲ್ಲ ಅಳಿಸಿ
ರಸ್ತೆಯ ಧೂಳಷ್ಟೇ ಉಳಿಯಿತು.
ಕೈ ಮಾಡಿದರೂ ನಮ್ಮನ್ನು ದಾಟಿ, ಮುಂದೆ ಹೋಗಿ ನಿಂತಿತು.
ಚೀಲ ಹೆಗಲಿಗೇರಿಸಿ ಓಡುತ್ತ ಕೂಗಿದೆ,
"ಲಗೂನ ಬಾ ಅಣ್ಣಾ, ಎಷ್ಟು ದೂರ ನಿಲ್ಲಿಸ್ಯಾನ ನೋಡು!"
ಅವನು ಓಡಲಿಲ್ಲ. ಹೆಜ್ಜೆ ಎಣಿಸುತ್ತ ಬಂದ.
"ಒಂದು ಸರಪಳಿ," ಎಂದ. "ಮ್ಯಾಲ ಒಂದು ಬೆರಳು."